ಹ್ಯಾವ್ ಎ ಬಾಲ್: ಹನ್ನೆರಡು ಎರವಲು ಹಾಡು, ಎರಡನೇ ಕಾಲದಲ್ಲಿ

ಮಿ ಫಸ್ಟ್ ಅಂಡ್ ದ ಗಿಮ್ಮಿ ಗಿಮ್ಮೀಸ್ ಸ್ಯಾನ್ ಫ್ರಾನ್ಸಿಸ್ಕೊದ ಪಂಕ್ (ವೇಗದ, ಒರಟು ರಾಕ್) ತಂಡ. ಸ್ವಂತ ಹಾಡು ಬರೆಯುವುದಿಲ್ಲ, ಬೇರೆಯವರ ಜನಪ್ರಿಯ ಹಾಡುಗಳನ್ನು ಮಾತ್ರ ನುಡಿಸುತ್ತದೆ. 'ಹ್ಯಾವ್ ಎ ಬಾಲ್' ಅವರ ಮೊದಲ ಆಲ್ಬಂ. 1997ರಲ್ಲಿ ರೆಕಾರ್ಡ್ ಕಂಪನಿ ಫ್ಯಾಟ್ ರೆಕ್ ಕಾರ್ಡ್ಸ್‌ನಿಂದ ಬಂತು. ಜಾನ್ ಡೆನ್ವರ್, ಪಾಲ್ ಸೈಮನ್, ಎಲ್ಟನ್ ಜಾನ್, ಬಿಲ್ಲಿ ಜೋಯೆಲ್, ನೀಲ್ ಡೈಮಂಡ್, ಜೇಮ್ಸ್ ಟೇಲರ್ ಮುಂತಾದವರ 12 ಹಾಡು ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿದುಹೋಗುತ್ತವೆ. ಒಂದು ರೀತಿಯಲ್ಲಿ ಇದು ಬೇರೆಯವರ 'ಗ್ರೇಟೆಸ್ಟ್ ಹಿಟ್ಸ್'. ಎರಡು ವಾರ ನಗಿಸಿ ಮೂಲೆ ಸೇರುವ ಡಿಸ್ಕ್ ಎಂದುಕೊಂಡು ಕೊಳ್ಳುವವರು ಹೆಚ್ಚು. ವರ್ಷಗಟ್ಟಲೆ ಕೇಳಿದ ಮೇಲೂ ಇದು ಸವೆಯುವುದಿಲ್ಲ, ಮತ್ತು ಅದಕ್ಕೆ ಕಾರಣವನ್ನು ಬೆರಳಿಟ್ಟು ತೋರಿಸಬಹುದು.

ಮೊದಲ ಕಾರಣ ಲಯ. 'ಹಳೇ ಹಾಡನ್ನು ಜೋರಾಗಿ ಓಡಿಸಿದ್ದಾರೆ' ಎಂದು ಸಾಮಾನ್ಯವಾಗಿ ಹೇಳುತ್ತಾರೆ, ಅದು ಅರ್ಧ ಸತ್ಯ. ಓಡುತ್ತಿರುವುದು ಮುಖ್ಯವಾಗಿ ಡ್ರಮ್. ಕರ್ನಾಟಕ ಸಂಗೀತದ ಮಾತಿನಲ್ಲಿ ಹೇಳಿದರೆ ತಾಳವಾದ್ಯ ಎರಡನೇ ಕಾಲಕ್ಕೆ, ಅಂದರೆ ದುಪ್ಪಟ್ಟು ವೇಗಕ್ಕೆ, ಏರಿದೆ, ಹಾಡು ಹೆಚ್ಚುಕಡಿಮೆ ಒಂದನೇ ಕಾಲದಲ್ಲೇ ನಿಂತಿದೆ. ಕಿಕ್ ಮತ್ತು ಸ್ನೇರ್ ಡ್ರಮ್‌ಗಳ ಪೆಟ್ಟು ಒಂದರ ಹಿಂದೊಂದು ಬೀಳುವಾಗ ನಿಮಿಷಕ್ಕೆ 75 ಪೆಟ್ಟಿನ ಹಾಡು 150ರಂತೆ ಕೇಳುತ್ತದೆ. ಹಾಡುಗಾರ ಸ್ಪೈಕ್ ಸ್ಲಾಸನ್‌ಗೆ ಮಾತ್ರ ಪದಗಳನ್ನು ತುಂಬು ಸ್ವರದಲ್ಲಿ ಎಳೆಯಲು ಜಾಗ ಉಳಿಯುತ್ತದೆ. ಅವರು ಕಿರುಚುವುದಿಲ್ಲ. ಹಳೇ ಕಾಲದ ವೇದಿಕೆ ಗಾಯಕರ ಹಾಗೆ ಸ್ವರದ ಕೊನೆಯಲ್ಲಿ ಕಂಪನ ಕೊಟ್ಟು ಶ್ರುತಿಶುದ್ಧವಾಗಿ ಹಾಡುತ್ತಾರೆ. ಕವರ್ (ಬೇರೆಯವರ ಹಾಡಿನ ಮರುರೂಪ) ನುಡಿಸಹೊರಟ ಎಷ್ಟೋ ತಂಡಗಳು ಎಡವುವುದು ಇಲ್ಲೇ. ಡ್ರಮ್ ಜೊತೆಗೆ ಹಾಡನ್ನೂ ದುಪ್ಪಟ್ಟು ಮಾಡಿದರೆ ಪದಗಳು ಮುದ್ದೆಯಾಗುತ್ತವೆ.

ಎರಡನೆಯದು ಗಿಟಾರ್. ಪಂಕ್‌ನಲ್ಲಿ ಹೆಚ್ಚಾಗಿ ಬಳಸುವುದು ಪವರ್ ಕಾರ್ಡ್: ಷಡ್ಜ ಮತ್ತು ಪಂಚಮ ಮಾತ್ರ, ಗಾಂಧಾರ ಇಲ್ಲ. ದನಿಯನ್ನು ಒರಟಾಗಿಸುವ ಡಿಸ್ಟಾರ್ಶನ್ ಹಾಕಿದ ಆಂಪ್‌ನಲ್ಲಿ ಗಾಂಧಾರ ಸೇರಿಸಿದರೆ ನಾದ ಕಲಕಿ ರಾಡಿಯಾಗುತ್ತದೆ, ಅದಕ್ಕೇ ಬಿಡುತ್ತಾರೆ. ಆದರೆ ಮೂಲ ಹಾಡಿನ ದುಃಖವೋ ಸಂತೋಷವೋ ಕೂತಿರುವುದು ಆ ಗಾಂಧಾರದಲ್ಲೇ. ಈ ತಂಡ ಅದನ್ನು ಕೊರಳಿನಿಂದ ಮರಳಿ ತರುತ್ತದೆ. ಹಿನ್ನೆಲೆಯ 'ಓ' ಎಂಬ ಎಳೆತ, ಎರಡನೇ ಕೊರಳಿನ ಜೊತೆ ಸ್ವರ, ಕ್ರಿಸ್ ಶಿಫ್ಲೆಟ್ ಮೇಲಿನ ತಂತಿಗಳಲ್ಲಿ ಎತ್ತಿ ನುಡಿಸುವ ಲೀಡ್, ಇವೆಲ್ಲ ಸೇರಿ ಆ ಖಾಲಿ ತುಂಬುತ್ತವೆ. ಕೆಳಗೆ ನೊಎಫ್‌ಎಕ್ಸ್ ಎಂಬ ಪಂಕ್ ತಂಡದ ಫ್ಯಾಟ್ ಮೈಕ್‌ರ ಬೇಸ್ ಗಿಟಾರ್ ಇದೆ, ಜೊತೆಗೆ ಲ್ಯಾಗ್‌ವ್ಯಾಗನ್ ಎಂಬ ಇನ್ನೊಂದು ಪಂಕ್ ತಂಡದ ಜೋಯಿ ಕೇಪ್‌ರ ರಿದಮ್ ಗಿಟಾರ್. ಡ್ರಮ್‌ಗೆ ಕೂತವರು ಡೇವ್ ರೌನ್, ಅವರೂ ಲ್ಯಾಗ್‌ವ್ಯಾಗನ್‌ನವರೇ.

ಬಿಲ್ಲಿ ಜೋಯೆಲ್‌ರ 'ಅಪ್‌ಟೌನ್ ಗರ್ಲ್' ಮೂಲದಲ್ಲಿ ಶ್ರುತಿ ಬದಲಾಯಿಸುತ್ತ ಹೋಗುವ ಹಾಡು. ಪವರ್ ಕಾರ್ಡ್‌ಗೆ ಅದು ಕಷ್ಟವಲ್ಲ, ಅದೇ ಬೆರಳಿನ ಆಕಾರವನ್ನು ಬೇರೆ ಫ್ರೆಟ್‌ಗೆ (ಗಿಟಾರಿನ ಕತ್ತಿನ ಮೆಟ್ಟಿಗೆ) ಜಾರಿಸಿದರೆ ಆಯಿತು. ಕಷ್ಟವಾಗಿರುವುದು 'ನೋಬಡಿ ಡಸ್ ಇಟ್ ಬೆಟರ್'. ಕಾರ್ಲಿ ಸೈಮನ್‌ರ 1977ರ ಆ ಹಾಡಿನ ಸೊಗಸು ಪಿಯಾನೊದ ಕೆಳಗೆ ಜಾರುವ ಬೇಸ್ ಮತ್ತು ಮೆತ್ತಗಿನ ಕಾರ್ಡ್‌ಗಳಲ್ಲಿದೆ. ಇಲ್ಲಿ ಅದು ಚಪ್ಪಟೆಯಾಗಿದೆ. 'ಫೈರ್ ಅಂಡ್ ರೇನ್' ಕೂಡ ಸೋತಿದೆ ಎಂದೇ ನನ್ನ ಅಭಿಪ್ರಾಯ. ಗೆಳತಿಯ ಸಾವಿನ ಸುದ್ದಿ ಹೇಳುವ ಹಾಡಿಗೆ ಮೌನ ಬೇಕು, ಈ ಲಯದಲ್ಲಿ ಮೌನಕ್ಕೆ ಎಡೆಯಿಲ್ಲ. 'ಲೀವಿಂಗ್ ಆನ್ ಎ ಜೆಟ್ ಪ್ಲೇನ್', 'ಸ್ವೀಟ್ ಕ್ಯಾರೊಲೈನ್', ಕೊನೆಯ 'ರಾಕೆಟ್ ಮ್ಯಾನ್' ಗೆದ್ದಿವೆ. ಅಲ್ಲಿ ಪಲ್ಲವಿಯೇ ಗಟ್ಟಿ, ಎಷ್ಟು ಬಡಿದರೂ ಮುರಿಯುವುದಿಲ್ಲ.

ಮಟ್ಟು ಹಾಗೇ ಉಳಿದಿರುವುದರ ಹಿಂದೆ ಕಾನೂನೂ ಇದೆ. ಅಮೆರಿಕದ ಕೃತಿಸ್ವಾಮ್ಯ ಕಾಯ್ದೆಯ 115ನೇ ಕಲಮಿನ ಪ್ರಕಾರ, ಒಮ್ಮೆ ಬಿಡುಗಡೆಯಾದ ಹಾಡನ್ನು ಯಾರು ಬೇಕಾದರೂ ಮತ್ತೆ ರೆಕಾರ್ಡ್ ಮಾಡಬಹುದು. ತಮ್ಮ ಶೈಲಿಗೆ ಒಗ್ಗಿಸಿಕೊಳ್ಳಬಹುದು, ಮೂಲ ಮಟ್ಟನ್ನಾಗಲಿ ಹಾಡಿನ ಸ್ವರೂಪವನ್ನಾಗಲಿ ಬದಲಾಯಿಸುವಂತಿಲ್ಲ. ನಿಗದಿತ ರಾಯಧನ ಕಟ್ಟಬೇಕು. 1997ರಲ್ಲಿ ಐದು ನಿಮಿಷದೊಳಗಿನ ಹಾಡಿಗೆ ಪ್ರತಿಗೆ 6.95 ಸೆಂಟ್ಸ್ ಇತ್ತು. ಪೂರ್ತಿ ದರದಲ್ಲಿ 12 ಹಾಡಿಗೆ ಲೆಕ್ಕ ಹಾಕಿದರೆ ಡಿಸ್ಕ್ ಒಂದಕ್ಕೆ 83.4 ಸೆಂಟ್ಸ್ ಹಾಡು ಬರೆದವರ ಕಡೆಗೆ ಹೋಗುತ್ತದೆ. ನಮ್ಮ ಭಾವಗೀತೆಯಲ್ಲಿ ಇದಕ್ಕೆ ತಿರುಗುಮುರುಗು: ಕವಿತೆ ಒಂದೇ, ಮಟ್ಟು ಎರಡು ಮೂರು.

ಬೆಂಗಳೂರಿನಲ್ಲಿ ಹಳೇ ಚಿತ್ರಗೀತೆಗಳನ್ನು ಹೀಗೆ ನುಡಿಸಿ ಡಿಸ್ಕ್ ಮಾಡಬೇಕೆನ್ನುವವರು ಭಾರತದ ಕಾಯ್ದೆಯ 31ಸಿ ಕಲಮನ್ನು ಮೊದಲು ಓದಬೇಕು. ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದ ಮೇಲೆ ಐದು ವರ್ಷ ಕಾಯಬೇಕು. ಮೊದಲೇ ನೋಟಿಸ್ ಕೊಟ್ಟು, ರಾಯಧನವನ್ನು ಮುಂಗಡವಾಗಿ ಕಟ್ಟಬೇಕು, ಅದೂ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ. ಹೊದಿಕೆಯ ಮೇಲೆ ಮೂಲ ಗಾಯಕರ ಹೆಸರೂ ಚಿತ್ರದ ಹೆಸರೂ ಇರಬಾರದು, ಇದು ಕವರ್ ಎಂದು ಬರೆದಿರಬೇಕು. ಚಿಕ್ಕ ತಂಡಕ್ಕೆ ಈ 50,000ದ ಷರತ್ತೇ ದೊಡ್ಡ ಗೋಡೆ. ಹಕ್ಕುದಾರರಿಂದಲೇ ನೇರವಾಗಿ ಅನುಮತಿ ಪಡೆಯುವ ಪ್ರಯತ್ನ ಮಾಡುವುದು ಮೇಲು.

ಕೇಳುವ ವಿಧಾನದ ಬಗ್ಗೆ. ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ. ಬೇಸ್ ಮಾಯವಾಗಿ ಸಿಂಬಲ್‌ನ ಸಿಡಿತವಷ್ಟೇ ಉಳಿಯುತ್ತದೆ. ಒಂದೇ ಕಿವಿಗೆ ಇಯರ್‌ಫೋನ್ ಹಾಕಿದರೆ ಸ್ಟೀರಿಯೊದ ಅರ್ಧ ಹೋಗುತ್ತದೆ. ಕಿವಿ ದಣಿದರೆ ಈಕ್ವಲೈಸರ್‌ನಲ್ಲಿ 3ರಿಂದ 4 ಕಿಲೋಹರ್ಟ್ಸ್ ಜಾಗವನ್ನು 2-3 ಡೆಸಿಬೆಲ್ ಇಳಿಸಿ, ಬೇರೇನೂ ಮುಟ್ಟಬೇಡಿ. ಬೇಸ್ ಏರಿಸಿದರೆ ಕಿಕ್ ಡ್ರಮ್ ಹರಡಿಕೊಂಡು ಲಯದ ಬಿಗಿ ಸಡಿಲಾಗುತ್ತದೆ. ಮೂಲ ಹಾಡುಗಳ ಜೊತೆ ಒಂದೇ ಪ್ಲೇಲಿಸ್ಟ್‌ನಲ್ಲಿ ಹಾಕುವುದಾದರೆ ಆ್ಯಪ್‌ನ ವಾಲ್ಯೂಮ್ ಸರಿದೂಗಿಸುವ ಆಯ್ಕೆ ಆನ್ ಇರಲಿ. 70ರ ದಶಕದ ಮೆಲುದನಿಯ ಹಾಡಾದ ಕೂಡಲೇ ಇದು ಶುರುವಾದರೆ ಕಿವಿಗೆ ಬಡಿಯುತ್ತದೆ. ಎಲ್‌ಪಿ ಸಿಕ್ಕರೆ ಅನುಮಾನಪಡದೆ ಕೊಳ್ಳಿ. ಒಂದು ಬದಿಗೆ ಸುಮಾರು 15 ನಿಮಿಷವಷ್ಟೇ ಬರುವುದರಿಂದ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕಾಗಿಲ್ಲ, ಒಳಸುತ್ತಿನಲ್ಲಿ ದನಿ ಒಡೆಯುವ ಕಾಟವೂ ಕಡಿಮೆ.

ಹುಡುಕುವಾಗ ಒಂದು ಗೊಂದಲ ಇದ್ದೇ ಇದೆ. 2008ರ 'ಹ್ಯಾವ್ ಅನದರ್ ಬಾಲ್!' ಬೇರೆ ಡಿಸ್ಕ್, ಅದರಲ್ಲಿರುವುದು ಮೊದಲ ಆಲ್ಬಂನಿಂದ ಹೊರಗುಳಿದ ಹಾಡುಗಳು. 2017ರ 'ರೇಕ್ ಇಟ್ ಇನ್: ದ ಗ್ರೇಟೆಸ್ಟೆಸ್ಟ್ ಹಿಟ್ಸ್' ಅವರ ಆಯ್ದ ಹಾಡುಗಳ ಸಂಕಲನ. ತಂಡದ ಪರಿಚಯವೇ ಇಲ್ಲದವರಿಗೆ, ಕಾರಿನಲ್ಲಿ ಹಾಕಿಕೊಳ್ಳುವವರಿಗೆ ಅದು ಸಾಕು. ಆದರೆ ಈ ತಂಡದ ಪ್ರತಿ ಆಲ್ಬಂಗೂ ಒಂದು ವಸ್ತು ಇದೆ: 1999ರದ್ದು ರಂಗಗೀತೆಗಳು, 2003ರದ್ದು ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್), 2006ರದ್ದು ಕಂಟ್ರಿ, 2014ರದ್ದು ದಿವಾಗಳ, ಅಂದರೆ ಹೆಚ್ಚಾಗಿ ತಾರಾ ಗಾಯಕಿಯರ, ಹಾಡು. ಒಂದೇ ಬಗೆಯ ಹಾಡುಗಳು ಸಾಲಾಗಿ ಬಂದಾಗ ತಂಡ ಯಾವುದನ್ನು ಉಳಿಸಿತು, ಯಾವುದನ್ನು ಕಿತ್ತುಹಾಕಿತು ಎಂದು ಕಿವಿಗೆ ತಿಳಿಯುತ್ತದೆ. ಸಂಕಲನದಲ್ಲಿ ಆ ಸಾಲು ಚೆದುರುತ್ತದೆ. ಆದ್ದರಿಂದ 'ಹ್ಯಾವ್ ಎ ಬಾಲ್' ಮೊದಲು ಕೊಳ್ಳಿ, ಆಮೇಲೆ 2006ರ 'ಲವ್ ದೇರ್ ಕಂಟ್ರಿ'. ಎರಡೂ ಹಿಡಿಸಿದರೆ ನಿಜವಾದ ಬಾರ್ ಮಿಟ್ಸ್‌ವಾ (ಯಹೂದಿ ಹುಡುಗರು ಪ್ರಾಯಕ್ಕೆ ಬಂದಾಗಿನ ಆಚರಣೆ) ಸಮಾರಂಭವೊಂದರಲ್ಲಿ ನುಡಿಸಿ 2004ರಲ್ಲಿ ಹೊರತಂದ ಲೈವ್ ಡಿಸ್ಕ್.