ರೇಸ್ ಏರಿಳಿಯುತ್ತಿದೆಯೆಂದು ಡೀಸೆಲ್ ಪಂಪ್ ಬಿಚ್ಚಿಸಬೇಡಿ

ಹಳೆಯ ಲಾರಿ ಇಟ್ಟುಕೊಂಡಿರುವ ಎಲ್ಲರಿಗೂ, ಅದರಲ್ಲೂ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತದ ಬಾಡಿಗೆಯನ್ನೇ ನಂಬಿಕೊಂಡವರಿಗೆ ಇದನ್ನು ಬರೆಯುತ್ತಿದ್ದೇನೆ. ಗಾಡಿ ನಿಂತಿದ್ದಾಗಲೂ ಎಂಜಿನ್ನಿನ ರೇಸ್ (ವೇಗ) ತಾನಾಗಿ ಏರಿಳಿಯುತ್ತಿದ್ದರೆ, ನಡುನಡುವೆ ಸಿಲಿಂಡರ್ ಉರಿಯದೆ ಮಿಸ್ ಹೊಡೆಯುತ್ತಿದ್ದರೆ, ‘ಪಂಪ್ ಹೋಗಿದೆ’ ಎಂದವರ ಮಾತನ್ನು ತಕ್ಷಣ ಒಪ್ಪಬೇಡಿ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ (ಡೀಸೆಲ್ ಎಳೆದು ಮುಖ್ಯ ಪಂಪಿಗೆ ಕೊಡುವ ಸಣ್ಣ ಪಂಪ್) ಪೈಪನ್ನು ಪರೀಕ್ಷಿಸದೆ ಮುಖ್ಯ ಪಂಪಿನ ಸೀಲ್ ಒಡೆಯಲು ಯಾರಿಗೂ ಬಿಡಬೇಡಿ. ನಮ್ಮ ಅಣ್ಣನಿಗೆ ಸುಗ್ಗಿಯ ಬಾಡಿಗೆಯೂ ಹೋಯಿತು, ಕೈಯಲ್ಲಿದ್ದ ದುಡ್ಡೂ ಹೋಯಿತು. ಇನ್ನೊಬ್ಬರಿಗೆ ಹಾಗಾಗಬಾರದು.

ಅಣ್ಣನದು ಆರು ಸಿಲಿಂಡರಿನ ಹಳೆಯ ಟಾಟಾ ಲಾರಿ. ಇನ್‌ಲೈನ್ ಪಂಪ್ (ಪ್ರತಿ ಸಿಲಿಂಡರಿಗೂ ಡೀಸೆಲ್ ಒತ್ತುವ ಒಂದೊಂದು ಎಲಿಮೆಂಟ್ ಸಾಲಾಗಿರುವ ಪಂಪ್), ಮೆಕ್ಯಾನಿಕಲ್ ಗವರ್ನರ್ (ಡೀಸೆಲ್ ಹೆಚ್ಚು ಕಡಿಮೆ ಮಾಡಿ ವೇಗ ಹಿಡಿದಿಡುವ ಭಾಗ). ಸೆನ್ಸರುಗಳಿಲ್ಲದ ಕಾಲದ ಗಾಡಿಯಾದ್ದರಿಂದ ಸ್ಕ್ಯಾನರ್ ಹಾಕಿ ದೋಷ ಓದುವಂತಿಲ್ಲ, ಲಕ್ಷಣ ನೋಡಿಯೇ ಹುಡುಕಬೇಕು. ಲಕ್ಷಣಗಳು ಹೀಗಿದ್ದವು. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದರೂ ಬೇಗ ಸ್ಟಾರ್ಟ್ ಆಗುತ್ತಿರಲಿಲ್ಲ. ಸ್ಟಾರ್ಟ್ ಆದ ಮೇಲೆ ಆಕ್ಸಿಲರೇಟರ್ ಮುಟ್ಟದಿದ್ದರೂ ರೇಸ್ ತಾನಾಗಿಯೇ ಏರುತ್ತಿತ್ತು, ಇಳಿಯುತ್ತಿತ್ತು. ಲೋಡಿನಲ್ಲಿ ಏರು ಬಂದರೆ ಪಿಕಪ್ ಬಿದ್ದು ಜಗ್ಗುತ್ತಿತ್ತು. ಟ್ಯಾಂಕ್ ತುಂಬಿದ್ದಾಗ ಇಷ್ಟು ತೊಂದರೆ ಇರಲಿಲ್ಲ, ಡೀಸೆಲ್ ಅರ್ಧಕ್ಕಿಂತ ಕೆಳಗಿಳಿದಂತೆಲ್ಲ ಹೆಚ್ಚಾಗುತ್ತಿತ್ತು.

ಪಂಪ್ ರಿಪೇರಿಯ ಅಂಗಡಿಯಲ್ಲಿ ಅಣ್ಣ ಇದಷ್ಟನ್ನೂ ಬಿಡಿಸಿ ಹೇಳಿದ. ಅಲ್ಲಿದ್ದವರು ಟ್ಯಾಂಕಿನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. “ಗವರ್ನರ್ ಸವೆದಿದೆ, ಎಲಿಮೆಂಟ್ ಹೋಗಿವೆ” ಎಂದು ಪಂಪ್ ಇಳಿಸಿಯೇಬಿಟ್ಟರು. ಎಲಿಮೆಂಟ್, ಡೆಲಿವರಿ ವಾಲ್ವ್, ಡೀಸೆಲ್ ಚಿಮ್ಮಿಸುವ ನಾಜಲ್ ಎಲ್ಲವೂ ಆರಾರು ಹೊಸದಾದವು. ಪಂಪಿನ ಅಳತೆ ಹೊಂದಿಸುವ ಕ್ಯಾಲಿಬ್ರೇಷನ್ ಸೇರಿ ಬಿಲ್ಲು 30 ಸಾವಿರ ದಾಟಿತು. ಗಾಡಿ ಹೊರಗೆ ಬಂದ ದಿನ ಟ್ಯಾಂಕ್ ತುಂಬಿಸಿದ್ದರಿಂದ ಚೆನ್ನಾಗಿಯೇ ಓಡಿತು. ಡೀಸೆಲ್ ಇಳಿಯುತ್ತಿದ್ದಂತೆ ಮತ್ತೆ ಅದೇ ಕತೆ. ಮರಳಿ ಹೋಗಿ ಕೇಳಿದರೆ, “ಪಂಪ್ ಸರಿಯಾಗಿದೆ, ಈಗ ಎಂಜಿನ್ ಕಂಪ್ರೆಷನ್ ಬಿದ್ದಿದೆ, ಹೆಡ್ ಇಳಿಸಬೇಕು” ಎಂದರು. ಸಿಲಿಂಡರಿನೊಳಗಿನ ಒತ್ತಡವನ್ನು (ಕಂಪ್ರೆಷನ್) ಗೇಜ್ ಹಾಕಿ ನೋಡದೆ ಹೇಳಿದ ಮಾತು ಅದು. ಅತ್ತ ಮಿಲ್ಲುಗಳ ಮುಂದೆ ಲಾರಿಗಳು ಸಾಲುಗಟ್ಟಿ ನಿಂತಿದ್ದ ಸಮಯ. ನಮ್ಮ ಗಾಡಿ ಮಾತ್ರ ಶೆಡ್ಡಿನಲ್ಲಿತ್ತು.

ಹೆಡ್ ಇಳಿಸುವ ಮುನ್ನ ಕಾರಟಗಿಯ ಹಳೆಯ ಮೇಸ್ತ್ರಿಯೊಬ್ಬರಿಗೆ ತೋರಿಸಿದೆವು. ಅವರು ಮೊದಲು ಕೇಳಿದ್ದೇ, “ತಮ್ಮಾ, ಟ್ಯಾಂಕ್ ತುಂಬಿದ್ದಾಗಲೂ ಹೀಗೇ ಆಗುತ್ತದೆಯೇ?” ಎಂದು. ಉತ್ತರ ಕೇಳಿದವರು ಫೀಡ್ ಪಂಪಿಗೆ ಬರುವ ಪೈಪ್ ಬಿಚ್ಚಿ, ನಡುವೆ ಒಂದು ಗೇಣು ಪಾರದರ್ಶಕ ಪೈಪ್ ಜೋಡಿಸಿ, ಎಂಜಿನ್ ಚಾಲೂ ಮಾಡಿಸಿದರು. ಡೀಸೆಲಿನ ಜೊತೆ ಸಾಬೂದಾನಿ ಕಾಳಿನಂತೆ ಗುಳ್ಳೆಗಳು ಸಾಲಾಗಿ ಬರುತ್ತಿದ್ದವು. ಗುಳ್ಳೆಗಳ ಗುಂಪು ದಾಟಿದ ಸ್ವಲ್ಪ ಹೊತ್ತಿಗೇ ರೇಸ್ ಕುಸಿಯುತ್ತಿತ್ತು, ಆಮೇಲೆ ಒಮ್ಮೆಲೇ ಮೇಲೇರುತ್ತಿತ್ತು. ಬಳಿಕ ಅವರು ಟ್ಯಾಂಕನ್ನು ಬಿಟ್ಟು, ಎಂಜಿನ್ನಿಗಿಂತ ಎತ್ತರದಲ್ಲಿ ಕಟ್ಟಿದ ಡೀಸೆಲ್ ಕ್ಯಾನಿನಿಂದ ನೇರವಾಗಿ ಫೀಡ್ ಪಂಪಿಗೆ ಪೈಪ್ ಕೊಟ್ಟು, ಒಳಗೆ ಸಿಕ್ಕಿಕೊಂಡ ಗಾಳಿ ಹೊರಬಿಟ್ಟು ಏರ್ ತೆಗೆದರು. ಎಂಜಿನ್ ಏರಿಳಿತವಿಲ್ಲದೆ ಒಂದೇ ಸದ್ದಿನಲ್ಲಿ ಓಡತೊಡಗಿತು. ದೋಷ ಪಂಪಿನಲ್ಲಿಲ್ಲ, ಅದಕ್ಕಿಂತ ಹಿಂದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಹುಡುಕುತ್ತ ಹೋದಾಗ ಸಿಕ್ಕಿದ್ದು ಚಾಸಿಯ ಪಕ್ಕದ ರಬ್ಬರ್ ಹೋಸ್. ಕ್ಲಿಪ್ಪಿನ ಅಡಿಯಲ್ಲಿ ಸಣ್ಣ ಬಿರುಕು. ಬಗ್ಗಿಸಿದರೆ ಬಾಯಿ ಬಿಡುತ್ತಿತ್ತು, ಕೈ ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. ಹೊರಗೆ ಡೀಸೆಲಿನ ಒಂದು ತೊಟ್ಟೂ ಇಲ್ಲ. ನಮ್ಮನ್ನೆಲ್ಲ ದಾರಿ ತಪ್ಪಿಸುವುದು ಇದೇ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲನ್ನು ಒಳಕ್ಕೆ ಎಳೆಯಲಾಗುತ್ತದೆ. ಅಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಗಾಳಿ ಬಂದಾಗ ಎಂಜಿನ್ ವೇಗ ಬೀಳುತ್ತದೆ, ಗವರ್ನರ್ ಹೆಚ್ಚು ಡೀಸೆಲ್ ಕೊಡಲು ಪಂಪಿನಲ್ಲಿ ಅಳತೆ ಬದಲಿಸುವ ರ‍್ಯಾಕನ್ನು ತಳ್ಳುತ್ತದೆ. ಅಷ್ಟರಲ್ಲಿ ಶುದ್ಧ ಡೀಸೆಲ್ ಬಂದು ವೇಗ ಮಿತಿ ಮೀರುತ್ತದೆ, ಗವರ್ನರ್ ಮತ್ತೆ ಕಡಿತ ಮಾಡುತ್ತದೆ. ತನ್ನ ಕೆಲಸ ಸರಿಯಾಗಿ ಮಾಡುತ್ತಿರುವ ಗವರ್ನರಿನ ಮೇಲೆಯೇ ತಪ್ಪು ಬೀಳುತ್ತದೆ. ಟ್ಯಾಂಕ್ ಖಾಲಿಯಾದಷ್ಟೂ ಡೀಸೆಲನ್ನು ಹೆಚ್ಚು ಎತ್ತರಕ್ಕೆ ಎಳೆಯಬೇಕಾದ್ದರಿಂದ ಗಾಳಿಯೂ ಹೆಚ್ಚು ನುಗ್ಗುತ್ತದೆ. ರಾತ್ರಿ ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ಮರಳುವುದರಿಂದ ಬೆಳಗಿನ ಸ್ಟಾರ್ಟಿಂಗ್ ತಡವಾಗುತ್ತದೆ. ಅಣ್ಣ ಅಂಗಡಿಯಲ್ಲಿ ಹೇಳಿದ್ದ ಪ್ರತಿ ಮಾತಿಗೂ ಉತ್ತರ ಈ ಒಂದು ಬಿರುಕಿನಲ್ಲಿತ್ತು.

ಎಲ್ಲರ ಗಾಡಿಯಲ್ಲೂ ಹೋಸೇ ಕಾರಣವಾಗಬೇಕೆಂದಿಲ್ಲ. ಪೈಪಿನ ತುದಿಯನ್ನು ಕೂರಿಸುವ ಬ್ಯಾಂಜೋ ಬೋಲ್ಟಿನ ಹಳೆಯ ತಾಮ್ರದ ವಾಷರ್, ಫಿಲ್ಟರ್ ಬಟ್ಟಲಿನ ರಬ್ಬರ್ ರಿಂಗ್, ಟ್ಯಾಂಕಿನೊಳಗೆ ಇಳಿದಿರುವ ಪೈಪಿನಲ್ಲಿ ತುಕ್ಕು ತಿಂದ ತೂತು, ಇವೂ ಗಾಳಿ ಎಳೆಯುತ್ತವೆ. ಗುಳ್ಳೆ ಇಲ್ಲದಿದ್ದರೂ ಪಿಕಪ್ ಬೀಳುತ್ತಿದ್ದರೆ ಟ್ಯಾಂಕಿನ ಮುಚ್ಚಳ ಸಡಿಲಿಸಿ ನೋಡಿ. ಬುಸ್ಸೆಂದು ಗಾಳಿ ಒಳಗೆ ಹೋಗಿ ಗಾಡಿ ಸುಧಾರಿಸಿದರೆ ಮುಚ್ಚಳದ ಉಸಿರುಗಂಡಿ ಕಟ್ಟಿದೆ. ಅದಿರಿನ ದೂಳಿನಲ್ಲಿ ಓಡುವ ಸಂಡೂರು, ಬಳ್ಳಾರಿ ಕಡೆಯ ಗಾಡಿಗಳವರು ಇದನ್ನು ಮರೆಯಬಾರದು. ಫಿಲ್ಟರ್ ಕಟ್ಟಿರುವುದು, ಡೀಸೆಲಿನಲ್ಲಿ ನೀರು ಸೇರಿರುವುದು ಎಲ್ಲರಿಗೂ ಗೊತ್ತಿರುವ ಮಾತು, ಆದರೂ ಮೊದಲು ನೋಡಬೇಕಾದವೇ.

ಮಿಸ್ಸಿಂಗ್ ವಿಷಯದಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. ಮಿಸ್ ಒಂದೇ ತಾಳದಲ್ಲಿ ಬಿಡದೆ ಹೊಡೆಯುತ್ತಿದ್ದರೆ ಒಂದು ಸಿಲಿಂಡರಿನ ದೋಷ. ಒಮ್ಮೆ ಬಂದು ಒಮ್ಮೆ ಹೋಗುತ್ತಿದ್ದರೆ ಗಾಳಿಯ ಮೇಲೆ ಅನುಮಾನ ಪಡಿ. ಒಂದೇ ಸಿಲಿಂಡರ್ ಆಗಿದ್ದರೆ, ಎಂಜಿನ್ ನಿಧಾನ ರೇಸಿನಲ್ಲಿರುವಾಗ ಮೇಸ್ತ್ರಿ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸುತ್ತಾರೆ. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗುವುದಿಲ್ಲವೋ ಅದೇ ಕೆಲಸ ಮಾಡದ ಸಿಲಿಂಡರ್. ಅದರ ಇಂಜೆಕ್ಟರನ್ನು ಪಕ್ಕದ್ದಕ್ಕೆ ಬದಲಾಯಿಸಿದಾಗ ಮಿಸ್ ಕೂಡ ಜಾಗ ಬದಲಿಸಿದರೆ ಆ ಇಂಜೆಕ್ಟರೇ ಕೆಟ್ಟಿದೆ. ಮಿಸ್ ಅಲ್ಲೇ ಉಳಿದರೆ ಮಾತ್ರ ಡೆಲಿವರಿ ವಾಲ್ವ್, ಎಲಿಮೆಂಟ್, ಟ್ಯಾಪೆಟ್ (ಎಂಜಿನ್ ವಾಲ್ವಿನ ಸಂದು), ಕಂಪ್ರೆಷನ್ ಎಂದು ಮುಂದೆ ಹೋಗಬೇಕು. ದಯವಿಟ್ಟು ಈ ಕೆಲಸಕ್ಕೆ ಅನುಭವವಿಲ್ಲದವರು ಕೈ ಹಾಕಬೇಡಿ. ಆ ಪೈಪುಗಳಿಂದ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗಬಲ್ಲದು. ಹಾಗಾದರೆ ಗಾಯ ಸಣ್ಣದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲ ನೋಡಿದ ಮೇಲೂ ಪಂಪ್ ಇಳಿಸಲೇಬೇಕಾದರೆ, ಬಿಚ್ಚುವ ಮೊದಲು ಟೆಸ್ಟ್ ಬೆಂಚಿನ ಮೇಲೆ ಓಡಿಸಿ ಪ್ರತಿ ಎಲಿಮೆಂಟ್ ಎಷ್ಟು ಡೀಸೆಲ್ ಕೊಡುತ್ತಿದೆ ಎಂದು ಬರೆಸಿಕೊಳ್ಳಿ. ರಿಪೇರಿಯ ನಂತರದ ಅಳತೆಯನ್ನೂ ಬರೆಸಿಕೊಳ್ಳಿ. ಬದಲಾಯಿಸಿದ ಹಳೆಯ ಸಾಮಾನುಗಳನ್ನು ಕೇಳಿ ಪಡೆಯಿರಿ. ನಮಗೆ ಅಳತೆಯ ಚೀಟಿಯನ್ನೂ ಕೊಡಲಿಲ್ಲ, ಹಳೆಯ ಸಾಮಾನನ್ನೂ ಕೊಡಲಿಲ್ಲ. ಹಾಗಾಗಿ ಆ ಎಲಿಮೆಂಟುಗಳು ನಿಜವಾಗಿ ಸವೆದಿದ್ದವು ಎಂದು ತೋರಿಸಲು ಇಂದಿಗೂ ಏನೂ ಇಲ್ಲ.

ಪಾರದರ್ಶಕ ಪೈಪ್ ಪರೀಕ್ಷೆಗೆ ಮಾತ್ರ. ಅದನ್ನೇ ಬಿಟ್ಟು ಓಡಿಸಿದರೆ ಎಂಜಿನ್ ಬಿಸಿಗೂ ಡೀಸೆಲಿಗೂ ಗಟ್ಟಿಯಾಗಿ ಬಿರಿಯುತ್ತದೆ. ಕೆಲಸ ಮುಗಿದ ಕೂಡಲೇ ತೆಗೆದು, ಡೀಸೆಲಿಗೆಂದೇ ಮಾಡಿದ ಹೋಸ್ ಹಾಕಿಸಿ, ಹೊಸ ಕ್ಲಿಪ್ ಬಿಗಿಸಿ, ಮತ್ತೊಮ್ಮೆ ಏರ್ ತೆಗೆಸಿ.