ಚಾರಣದ ಆ್ಯಪ್ ತೋರಿಸುವ ಸಮೋನ್ನತಿ ರೇಖೆಗಳನ್ನು ನಂಬಿ ಕಾಲುದಾರಿ ಬಿಡಬೇಡಿ

ಚಂದಾ ಕಟ್ಟಿ ಟೋಪೋ ನಕ್ಷೆಯನ್ನು (ನೆಲದ ಏರಿಳಿತ ತೋರಿಸುವ ನಕ್ಷೆ) ಮೊಬೈಲ್‌ಗೆ ಇಳಿಸಿಕೊಂಡು ಬೆಟ್ಟ ಹತ್ತುವವರೆಲ್ಲ ಇದನ್ನೊಮ್ಮೆ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕುಮಾರ ಪರ್ವತದಿಂದ ಕುಕ್ಕೆ ಸುಬ್ರಹ್ಮಣ್ಯದ ಕಡೆಗೆ ಇಳಿಯುತ್ತಿದ್ದಾಗ ಶೇಷ ಪರ್ವತದ ಮೇಲೆ ಮಂಜು ಕವಿದು, ಮುಂದೆ ನಡೆಯುತ್ತಿದ್ದವರ ಬೆನ್ನೂ ಕಾಣದಂತಾಯಿತು. ಆ್ಯಪ್‌ನಲ್ಲಿ ನೋಡಿದರೆ, ನಾವು ನಿಂತಲ್ಲಿಂದ ಗಿರಿಗದ್ದೆಯತ್ತ ಒಂದು ಚುಕ್ಕೆಗೆರೆ ಒಳದಾರಿಯಂತೆ ಇಳಿದಿತ್ತು. ಅದರ ಎರಡೂ ಬದಿಗೆ ಹತ್ತು ಮೀಟರ್ ಎತ್ತರಕ್ಕೊಂದರಂತೆ ಎಳೆದ ಸಮೋನ್ನತಿ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ಒಂದರಿಂದೊಂದು ದೂರವಿದ್ದು, ಸಲೀಸಾಗಿ ಇಳಿಯಬಹುದಾದ ಹುಲ್ಲಿನ ಇಳಿಜಾರನ್ನು ಸೂಚಿಸುತ್ತಿದ್ದವು. ಜೊತೆಗಿದ್ದ ಸುಬ್ರಹ್ಮಣ್ಯದ ಹಿರಿಯರೊಬ್ಬರು, "ಅಲ್ಲಿ ದಾರಿ ಇಲ್ಲ ಮಾರಾಯ್ರೇ, ಆಚೆ ಬಂಡೆ ಕಡಿದ ಹಾಗೆ ಉಂಟು" ಎಂದು ತಡೆದರು. ಮಂಜು ಸರಿದಾಗ ಕಂಡದ್ದು ಅದೇ: ಹುಲ್ಲು ಮುಗಿದಲ್ಲೇ ಬಂಡೆ ನೆಟ್ಟಗೆ ಕೆಳಕ್ಕಿಳಿದಿತ್ತು, ಚುಕ್ಕೆಗೆರೆ ಅದರ ಮೇಲೆಯೇ ಹಾದುಹೋಗಿತ್ತು.

ಇದು ಒಂದು ಆ್ಯಪ್‌ನ ಒಂದು ತಪ್ಪಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಇಂತಹ ಹೆಚ್ಚಿನ ಆ್ಯಪ್‌ಗಳ ಸಮೋನ್ನತಿ ರೇಖೆಗಳನ್ನು ಯಾರೂ ಆ ಬೆಟ್ಟದ ಮೇಲೆ ನಿಂತು ಅಳೆದು ಎಳೆದಿಲ್ಲ. 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಸಂಗ್ರಹಿಸಿದ ಮಾಹಿತಿಯೇ ಅವುಗಳಲ್ಲಿ ಹಲವಕ್ಕೆ ಆಧಾರ. ಅದರಲ್ಲಿ ಸುಮಾರು 30 ಮೀಟರ್‌ಗೊಂದು ಬಿಂದುವಿಗೆ ಮಾತ್ರ ಎತ್ತರ ಸಿಗುತ್ತದೆ. ನಡುವಿನದನ್ನೆಲ್ಲ ಕಂಪ್ಯೂಟರ್ ಊಹಿಸಿ ನುಣುಪಾಗಿ ಜೋಡಿಸುತ್ತದೆ. ಹೀಗಾಗಿ ಅಕ್ಕಪಕ್ಕದ ಎರಡು ಬಿಂದುಗಳ ನಡುವೆ 15 ಮೀಟರ್ ಎತ್ತರದ ಕಡಿಬಂಡೆಯಿದ್ದರೆ, ನಕ್ಷೆಯಲ್ಲಿ ಅದು 27 ಡಿಗ್ರಿಯ, ಕಾಲೂರಿ ಇಳಿಯಬಹುದಾದ ಇಳಿಜಾರಾಗಿ ಬಿಡುತ್ತದೆ. ಶೋಲಾ ಕಾಡಿನಂತಹ ದಟ್ಟ ಮರಗಳಿರುವಲ್ಲಿ ರೇಡಾರ್ ಬಹುಪಾಲು ಮರದ ನೆತ್ತಿಯ ಸಮೀಪದಿಂದಲೇ ಹಿಂತಿರುಗುವುದರಿಂದ, ನೆಲದ ಎತ್ತರವೂ ಅಲ್ಲಿ ನಿಖರವಲ್ಲ. ಇಷ್ಟು ಒರಟು ಮಾಹಿತಿಯಿಂದ ಹತ್ತು ಮೀಟರ್‌ಗೊಂದು ರೇಖೆ ಎಳೆದು ಮಾರುವುದು, ಬಳಸುವವರ ಜೀವದ ದೃಷ್ಟಿಯಿಂದ, ಅಕ್ಷಮ್ಯ ಎಂದೇ ನನ್ನ ಅಭಿಪ್ರಾಯ. ಚುಕ್ಕೆಗೆರೆಯ ಕಥೆಯೂ ಬೇರೆಯಲ್ಲ. ಉಪಗ್ರಹ ಚಿತ್ರದಲ್ಲಿ ದನಗಳು ಓಡಾಡಿದ ಜಾಡು ಅಥವಾ ಮಳೆನೀರು ಕೊರೆದ ಗೀರು ಕಂಡರೂ ಅದು ಕಾಲುದಾರಿಯೆಂದು ನಕ್ಷೆಗೆ ಸೇರಬಹುದು.

ಇನ್ನೊಂದು ಅಪಾಯ ಎತ್ತರದ ಅಂಕಿಯದು. ಕುಮಾರ ಪರ್ವತದ ಎತ್ತರ 1,712 ಮೀಟರ್. ತುದಿಯಲ್ಲಿ ನಿಂತಾಗ ನನ್ನ ಮೊಬೈಲ್ ತೋರಿಸಿದ್ದು 1,620ರ ಆಸುಪಾಸು. ಜಿಪಿಎಸ್ ತಾನಾಗಿ ಕೊಡುವ ಎತ್ತರ ಸಮುದ್ರಮಟ್ಟದಿಂದ ಅಳೆದದ್ದಲ್ಲ, ಭೂಮಿಯ ಗಣಿತೀಯ ಆಕಾರದಿಂದ ಅಳೆದದ್ದು. ನಮ್ಮ ಭಾಗದಲ್ಲಿ ಇವೆರಡಕ್ಕೂ 80 ಮೀಟರ್‌ಗೂ ಹೆಚ್ಚು ವ್ಯತ್ಯಾಸವಿದೆ. ಕೆಲವು ಆ್ಯಪ್‌ಗಳು ಇದನ್ನು ಸರಿಪಡಿಸುತ್ತವೆ, ಕೆಲವು ಸರಿಪಡಿಸುವುದಿಲ್ಲ. ಸರಿಪಡಿಸದ ಆ್ಯಪ್ ಹಿಡಿದು ಮಂಜಿನಲ್ಲಿ ಇಳಿಯುವವರಿಗೆ, ಕಡಿದಾದ ಭಾಗವನ್ನು ದಾಟಿ ಕೆಳಗೆ ಬಂದಾಯಿತೆಂಬ ಭ್ರಮೆ ಹುಟ್ಟುವುದು ಸಹಜ, ಆದರೆ ಆ ಭಾಗ ಇನ್ನೂ ಮುಂದೆಯೇ ಇರುತ್ತದೆ. ಎತ್ತರ ಗೊತ್ತಿರುವ ಜಾಗದಲ್ಲಿ ನಿಂತು ಮೊದಲೇ ಹೋಲಿಸಿ ನೋಡಿಕೊಳ್ಳಿ.

ಊರಿಗೆ ಬಂದು ಕಂಪನಿಗೆ ಚಿತ್ರಗಳ ಸಮೇತ ಬರೆದೆ. ಮಾಹಿತಿ ಬೇರೆ ಮೂಲಗಳದ್ದು, ಬಳಕೆಯ ಹೊಣೆ ಬಳಕೆದಾರರದ್ದು ಎಂಬ ಎರಡು ಸಾಲಿನ ಉತ್ತರ ಬಂತು. ಚುಕ್ಕೆಗೆರೆ ಇಂದಿಗೂ ಅಲ್ಲೇ ಇದೆ.

ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ನಕ್ಷೆ ಹಾಳೆಗಳನ್ನು ಅದರ ಜಾಲತಾಣದಲ್ಲಿ ನೋಂದಾಯಿಸಿಕೊಂಡು ಪಡೆಯಬಹುದು. ಅವುಗಳಲ್ಲಿ ರೇಖೆಗಳ ಅಂತರ ಸಾಮಾನ್ಯವಾಗಿ 20 ಮೀಟರ್, ಆದರೂ ಕಡಿಬಂಡೆಗಳಿಗೆ ಪ್ರತ್ಯೇಕ ಚಿಹ್ನೆಯಿದೆ. ಆ್ಯಪ್‌ನ ದಾರಿಯನ್ನು ಆ ಹಾಳೆಯೊಂದಿಗೆ ಮನೆಯಲ್ಲೇ ಕೂತು ತಾಳೆ ನೋಡಿ, ಅನುಮಾನ ಬಂದ ಜಾಗಗಳನ್ನು ಗುರುತಿಸಿಕೊಂಡು ಅಲ್ಲಿನ ಮಾರ್ಗದರ್ಶಕರನ್ನು ಕೇಳಿ. ಹೊರಡುವ ಹಿಂದಿನ ದಿನ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ನೀವು ನಡೆಯುವ ಪ್ರತಿಯೊಂದು ಭಾಗವನ್ನೂ ಪೂರ್ತಿ ಹಿಗ್ಗಿಸಿ ನೋಡಿ: ಆಫ್‌ಲೈನ್ ಎಂದು ಇಳಿಸಿಕೊಂಡ ಕಡತದಲ್ಲಿ ಎಷ್ಟೋ ಸಲ ದೂರದ ನೋಟ ಮಾತ್ರ ಇದ್ದು, ಹಿಗ್ಗಿಸಿದೊಡನೆ ಪರದೆ ಖಾಲಿಯಾಗುತ್ತದೆ.