ಹಟಮಾರಿ ಬೀಜಗಳಿಗೆ ತಣ್ಣೀರೋ, ಬಿಸಿನೀರೋ, ನೇಲ್ ಕಟರೋ?

ಶಿರಸಿಯ ಕಡೆ ಮಳೆಗಾಲದ ತರಕಾರಿಗೆ ಮೇ ತಿಂಗಳ ಕೊನೆಯಲ್ಲಿ ಬೀಜ ಹಾಕುವುದು ರೂಢಿ. ಜೂನ್ ಮಳೆ ಬಿರುಸಾಗುವುದರೊಳಗೆ ಮೊಳೆಯದ ಬೀಜ ಮಣ್ಣಿನಲ್ಲೇ ಕೊಳೆಯುವುದರಿಂದ, ಬೇಗ ಮೊಳೆಸುವ ಉಪಾಯಗಳನ್ನು ಒಂದೇ ಬಳ್ಳಿಯ ಬೀಜಗಳನ್ನು ಪಾಲು ಮಾಡಿ ಹೋಲಿಸಿ ನೋಡುತ್ತ ಬಂದಿದ್ದೇನೆ.

ಹಾಗಲದ ಬೀಜಕ್ಕೆ ರಾತ್ರಿ ನೆನೆಸುವುದಷ್ಟೇ ಸಾಲದು. ಅದರ ಸಿಪ್ಪೆಯೊಳಗೆ ನೀರು ಇಳಿಯುತ್ತದೆ. ಆದರೆ ಆ ದಪ್ಪ ಸಿಪ್ಪೆಯನ್ನು ಸೀಳಿಕೊಂಡು ಹೊರಬರುವುದು ಮೊಳಕೆಗೆ ಕಷ್ಟ. ನೇಲ್ ಕಟರಿನಿಂದ ಬೀಜದ ಚೂಪು ತುದಿಯ ಸಿಪ್ಪೆಯನ್ನು ಮಾತ್ರ, ಒಳಗಿನ ತಿರುಳಿಗೆ ತಾಗದಂತೆ, ಬಿರುಕು ಬಿಡಿಸಿ, ಕೆಲವು ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಬಚ್ಚಲೊಲೆಯ ಹತ್ತಿರ ಬೆಚ್ಚಗಿಟ್ಟ ಬೀಜಗಳು ಬರೀ ನೆನೆಸಿದವುಗಳಿಗಿಂತ ಬೇಗ ಮತ್ತು ಹೆಚ್ಚು ಸಮನಾಗಿ ಮೊಳೆತಿವೆ. ಬಿರುಕು ಬಿಟ್ಟ ಬೀಜವನ್ನು ದಿನಗಟ್ಟಲೆ ನೀರಿನಲ್ಲಿ ಮುಳುಗಿಸಿಟ್ಟರೆ ಗಾಳಿಯಿಲ್ಲದೆ ಅದು ಹುಳಿಯುತ್ತದೆ. ಹಾಗಲಕ್ಕೆ 25ರಿಂದ 30 ಡಿಗ್ರಿ ಸೆಲ್ಸಿಯಸ್‌ನ ಬಿಸುಪು ಹಿತ. ಘಟ್ಟದ ಕೆಳಗಿನ ಕುಮಟಾ, ಅಂಕೋಲೆಯವರಿಗೆ ಚಳಿಗಾಲದಲ್ಲೂ ಒಲೆಯ ಆಸರೆ ಅಷ್ಟಾಗಿ ಬೇಕಾಗಲಿಕ್ಕಿಲ್ಲ, ನಮಗೆ ಬೇಕು.

ಶಂಖಪುಷ್ಪದ ಕಥೆಯೇ ಬೇರೆ. ಅವರೆ, ಹೆಸರುಕಾಳುಗಳ ಕುಟುಂಬಕ್ಕೇ ಸೇರಿದ ಈ ಬೀಜದ ಹೊರಪದರ ನೀರನ್ನೇ ಒಳಗೆ ಬಿಡುವುದಿಲ್ಲವಾದ್ದರಿಂದ, ತಣ್ಣೀರಿನಲ್ಲಿ ರಾತ್ರಿಯಿಡೀ ಇದ್ದರೂ ಹಲವು ಬೀಜಗಳು ಬೆಳಿಗ್ಗೆ ಕಲ್ಲಿನಂತೆಯೇ ಇರುತ್ತವೆ. ಕುದಿಸಿ ಇಳಿಸಿ, ಸುಮಾರು 80 ಡಿಗ್ರಿಗೆ ಆರಿದ ನೀರನ್ನು ಸುರಿದು ಹಾಗೆಯೇ ತಣಿಯಲು ಬಿಡುವುದು ಸುಲಭವಾದ ದಾರಿ. ಬೀಜ ಬೇಕಾದಷ್ಟಿದ್ದರೆ ಅದೇ ಸಾಕು, ಆದರೆ ಕೆಲವು ಬೆಂದು ಸಾಯುತ್ತವೆ, ಕೆಲವು ಜಗ್ಗುವುದೇ ಇಲ್ಲ. ಕೈಯಲ್ಲಿ ಬೆರಳೆಣಿಕೆಯ ಬೀಜಗಳಷ್ಟೇ ಇದ್ದಾಗ ನಾನು ಸ್ಯಾಂಡ್‌ಪೇಪರನ್ನೇ ನೆಚ್ಚುತ್ತೇನೆ: ಬೀಜದ ಕಣ್ಣನ್ನು ಬಿಟ್ಟು ಮತ್ತೊಂದು ಬದಿಯನ್ನು ಹೊಳಪು ಹೋಗುವಷ್ಟು ಉಜ್ಜಿ ನೆನೆಸಿದರೆ ಅದು ಉಬ್ಬುತ್ತದೆ, ಉಬ್ಬಿದ್ದನ್ನು ಆರಿಸಿ ನೆಟ್ಟರಾಯಿತು. ಸಗಣಿ ನೀರಿನಲ್ಲಿ ಅದ್ದುವ ಪದ್ಧತಿಯನ್ನು ನಾನು ಅಲ್ಲಗಳೆಯುವುದಿಲ್ಲವಾದರೂ, ನೀರನ್ನೇ ಒಲ್ಲದ ಸಿಪ್ಪೆ ಸಗಣಿ ನೀರಿಗೆ ಮಣಿದದ್ದನ್ನು ಕಂಡಿಲ್ಲ.

ಬೆಂಡೆಗೆ, ಬೀಜ ಹೊಸದಾಗಿದ್ದರೆ, ಒಂದು ರಾತ್ರಿಯ ತಣ್ಣೀರು ಧಾರಾಳವಾಯಿತು. ಪಪ್ಪಾಯಿ ಬೀಜದ ಸುತ್ತಲಿನ ಲೋಳೆಯಲ್ಲಿಯೇ ಮೊಳಕೆಯನ್ನು ತಡೆಯುವ ಅಂಶಗಳಿರುವುದರಿಂದ, ಅದನ್ನು ಒಲೆಬೂದಿಯಲ್ಲಿ ತಿಕ್ಕಿ ತೊಳೆಯುವುದೇ ಮುಖ್ಯ.

ಇವೆಲ್ಲಕ್ಕಿಂತ ಹಟದ ಬೀಜ, ಹುಳಿಗಾಗಿ ಹಣ್ಣಿನ ಸಿಪ್ಪೆ ಬಳಸುವ ನಮ್ಮ ಉಪ್ಪಾಗೆ ಮರದ್ದು. ಇಡಿಯಾಗಿ ಬಿತ್ತಿದರೆ ಅದು ಹಲವು ತಿಂಗಳು ಸುಮ್ಮನೆ ಕುಳಿತಿರುತ್ತದೆ; ಗಟ್ಟಿ ಸಿಪ್ಪೆಯನ್ನು ಬಿಡಿಸಿ ತಿರುಳನ್ನಷ್ಟೇ ಹಸಿ ಮರಳಿನಲ್ಲಿಟ್ಟರೆ ಬಹಳ ಮೊದಲೇ ಮೊಳೆಯುತ್ತದೆ. ಆದರೆ ಬಿಡಿಸುವಾಗ ತಿರುಳು ಗಾಯಗೊಂಡರೆ ಬೂಸ್ಟು ಹಿಡಿಯುವುದು ಖಂಡಿತ. ಹಿತ್ತಲಿಗೆ ಬೇಕಾದ ನಾಲ್ಕಾರು ಸಸಿಗಳಿಗೆ ಸಿಪ್ಪೆ ಬಿಡಿಸುವ ಶ್ರಮ ತಕ್ಕುದೇ. ಬೇಣಕ್ಕೆಲ್ಲ (ತೋಟಕ್ಕೆ ಹೊಂದಿದ ಹುಲ್ಲಿನ ಗುಡ್ಡಕ್ಕೆಲ್ಲ) ನೆಡುವಷ್ಟು ಸಸಿ ಬೇಕಾದವರು ಬೀಜವನ್ನು ಒಣಗಲು ಬಿಡದೆ ನೆರಳಿನ ಮಡಿಯಲ್ಲಿ ಇಡಿಯಾಗಿಯೇ ಬಿತ್ತಿ ಕಾಯುವುದು ಲೇಸು.